ಪಳಗಿದ ಕೈಗೂ ಕೋಚ್ ಬೇಕೇ?

ಪೂಲ್ ಆಟದಲ್ಲಿ ಚೆನ್ನಾಗಿ ಪಳಗಿದವರಿಗೂ ಕೋಚ್‌ನಿಂದ ಖಂಡಿತ ಲಾಭವಿದೆ. ಹೊಸಬರಿಗೆ ಆಗುವ ಲಾಭಕ್ಕಿಂತ ಅದು ಬೇರೆ ಬಗೆಯದು, ಅಷ್ಟೇ. ಹೊಸಬರು ಕ್ಯೂ ಹಿಡಿಯುವುದನ್ನು, ನಿಲ್ಲುವುದನ್ನು ಕಲಿಯುತ್ತಾರೆ. ನುರಿತವರಿಗೆ ಬೇಕಿರುವುದು ಹೊರಗಿನ ಕಣ್ಣು. ಬಾಗಿ ಗುರಿ ನೋಡುತ್ತಿರುವವರಿಗೆ ತಮ್ಮ ಮೊಣಕೈ ಪಕ್ಕಕ್ಕೆ ಸರಿದದ್ದು, ಹೊಡೆಯುವ ಕ್ಷಣದಲ್ಲಿ ತಲೆ ಎದ್ದದ್ದು ತಿಳಿಯುವುದೇ ಇಲ್ಲ. ಕ್ಯೂ ತುದಿ ಬಿಳಿ ಚೆಂಡಿನ ನಡುವಿನಿಂದ ಒಂದೆರಡು ಮಿಲಿಮೀಟರ್ ಆಚೀಚೆ ತಗುಲಿದರೂ ಸಾಕು, ಬೇಡದ ಸ್ಪಿನ್ ಹುಟ್ಟಿ, ಉದ್ದದ ಹೊಡೆತದಲ್ಲಿ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ಹೊರಗೇ ಉಳಿಯುತ್ತದೆ. ಅನುಭವಿಗಳು ಗುರಿಯನ್ನೇ ತುಸು ಹೊಂದಿಸಿಕೊಂಡು ವರ್ಷಗಟ್ಟಲೆ ಆಡಿಬಿಡುತ್ತಾರೆ. ಒತ್ತಡದ ಪಂದ್ಯದಲ್ಲಿ ಆ ಹೊಂದಾಣಿಕೆಯೇ ಕೈಕೊಡುತ್ತದೆ.

ಪೂಲ್‌ನ ಹತ್ತಿರದ ನೆಂಟ ಸ್ನೂಕರ್‌ನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ರಾನಿ ಓಸಲಿವನ್ 2001ರಲ್ಲೇ ವಿಶ್ವ ಚಾಂಪಿಯನ್. ಆದರೂ 2004ರಲ್ಲಿ, ಆರು ಬಾರಿ ಆ ಪಟ್ಟ ಗೆದ್ದಿದ್ದ ರೇ ರಿಯರ್ಡನ್ ಅವರ ಮಾರ್ಗದರ್ಶನ ಪಡೆದರು. ಚೆಂಡು ಬೀಳಿಸುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ; ಹರಿತವಾದದ್ದು ಸೇಫ್ಟಿ ಆಟ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಬಿಳಿ ಚೆಂಡನ್ನು ನಿಲ್ಲಿಸುವ ಜಾಣ್ಮೆ. ಆ ವರ್ಷ ಪ್ರಶಸ್ತಿ ಮತ್ತೆ ಅವರದಾಯಿತು. ಬೆಂಗಳೂರಿನ ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿ ಅವರ ಬೆನ್ನಿಗೂ ಗುರು ಅರವಿಂದ್ ಸವೂರ್ ಇದ್ದರು.

ಒಂದು ಎಚ್ಚರ ಮಾತ್ರ ಬೇಕು. ಪಳಗಿದವರ ಸ್ಟ್ರೋಕನ್ನು ಬುಡಸಮೇತ ಬದಲಿಸಲು ಹೊರಡುವ ಕೋಚ್‌ಗಿಂತ, ಒಂದು ದೋಷ ಗುರುತಿಸಿ ಅದನ್ನಷ್ಟೇ ತಿದ್ದುವವರು ಮೇಲು. ತಿದ್ದಿದ್ದು ಮೈಗೂಡುವವರೆಗೆ ಆಟ ಕೆಲಕಾಲ ಕೆಡುವುದುಂಟು. ದೊಡ್ಡ ಟೂರ್ನಿ ಹತ್ತಿರವಿರುವಾಗ ಅದಕ್ಕೆ ಕೈಹಾಕಬಾರದು.