ಕರುಣೆಯ ಲೆಕ್ಕ

ಕರುಣೆ ಎಂಬ ಮಾತನ್ನು ನಾವು ಕ್ರೈಸ್ತರು ಬಾಲ್ಯದಿಂದಲೇ ಕೇಳುತ್ತ ಬೆಳೆದವರು. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ, ಇಗರ್ಜಿಯ ಪ್ರವಚನದಲ್ಲಿ ಅದು ಬಾರದ ದಿನವಿಲ್ಲ. ಪದೇ ಪದೇ ಕೇಳಿದ ಮಾತು ಎಷ್ಟೋ ಸಲ ಕಿವಿಯಲ್ಲೇ ಉಳಿದುಬಿಡುತ್ತದೆ. ಅದು ಎದೆಗೆ ಇಳಿಯಬೇಕಾದರೆ ಬದುಕಿನಲ್ಲಿ ಒಂದೆರಡು ಪೆಟ್ಟು ಬೀಳಬೇಕು. ನಮಗೆ ಬಿದ್ದ ಅಂತಹ ಪೆಟ್ಟುಗಳ ಕತೆಯನ್ನು ವಿದ್ಯಾರ್ಥಿಗಳ ಮುಂದಿಡುವ ಮನಸ್ಸಾಗಿದೆ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮತಿಯಿದೆ. ತಪ್ಪು ಮಾಡಿದವನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ ಹೇಳಿದ ಕತೆ ಅದು. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಾಗಿತ್ತು. ಅರಸನು ಕನಿಕರಪಟ್ಟು ಅಷ್ಟನ್ನೂ ಬಿಟ್ಟುಕೊಟ್ಟನು. ಹೊರಗೆ ಬಂದ ಅದೇ ಸೇವಕ, ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು ಸೆರೆಮನೆಗೆ ಹಾಕಿಸಿದನು. ಆ ಕಾಲದಲ್ಲಿ ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದಿನಾರಿ. ಮಕ್ಕಳೇ, ನೀವೇ ಲೆಕ್ಕ ಮಾಡಿ ನೋಡಿ. ಅವನಿಗೆ ಬಿಟ್ಟುಕೊಟ್ಟದ್ದು 6 ಕೋಟಿ ದಿನಗಳ ಕೂಲಿ. ಅವನು ಬಿಡಲಾರದೆ ಹೋದದ್ದು 100 ದಿನಗಳ ಕೂಲಿ.

ನಮ್ಮ ಬಾಲ್ಯ ಕಳೆದದ್ದು ಇದೇ ಕಾಸರಗೋಡಿನ ಒಂದು ಹಳ್ಳಿಯಲ್ಲಿ. ತಂದೆಯವರು ಅಡಿಕೆ ಮರದಿಂದ ಬಿದ್ದು ಒಂದು ಮಳೆಗಾಲವಿಡೀ ಮಲಗಿದರು. ಆ ದಿನಗಳಲ್ಲಿ ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲವೂ ಬಂದದ್ದು ನಾವು 'ಕಾಕ' ಎಂದು ಕರೆಯುತ್ತಿದ್ದ ಮುಸಲ್ಮಾನ ಹಿರಿಯರ ಅಂಗಡಿಯಿಂದ, ಸಾಲವಾಗಿ. ತಂದೆ ಎದ್ದು ನಡೆಯುವಂತಾದಾಗ ಅವಧಿ ಕೇಳಲು ಹೋದರು. ಕಾಕ ಏನೂ ಹೇಳದೆ ಪುಸ್ತಕ ತೆರೆದು ಆ ಪುಟಕ್ಕೆ ಅಡ್ಡಗೆರೆ ಎಳೆದುಬಿಟ್ಟರು.

ತಂದೆಯವರು ಸಂತೋಷದಿಂದ ಬರಲಿಲ್ಲ, ತಲೆ ತಗ್ಗಿಸಿ ಬಂದರು. ಮುಂದೆ ಕೆಲವು ವಾರ ಆ ಅಂಗಡಿಯ ದಾರಿಯನ್ನೇ ಬಿಟ್ಟು ಸುತ್ತು ಬಳಸಿ ನಡೆದರು. ಕೊನೆಗೆ ಅಮ್ಮನೇ ಹೇಳಿದರು: "ಕೊಡುವುದಕ್ಕೆ ಮಾತ್ರ ದೊಡ್ಡ ಮನಸ್ಸು ಬೇಕೆಂದುಕೊಂಡಿದ್ದೀರಾ? ತೆಗೆದುಕೊಳ್ಳುವುದಕ್ಕೂ ಬೇಕು. ಹೋಗಿ ಅವರ ಮುಖ ನೋಡಿ ಮಾತಾಡಿ ಬನ್ನಿ." ತಂದೆ ನಮ್ಮ ಕೈ ಹಿಡಿದುಕೊಂಡು ಹೋದರು. ಕಾಕ ನಮಗೊಂದು ತುಂಡು ಬೆಲ್ಲ ಕೊಟ್ಟರು. ಸಾಲದ ಮಾತು ಮತ್ತೆಂದೂ ಬರಲಿಲ್ಲ.

ಇಷ್ಟು ದೊಡ್ಡ ಪಾಠ ಕಲಿತ ನಾವು ಮುಂದೆ ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ಒಂದು ತರಗತಿಯಲ್ಲಿ ದಯೆಯನ್ನು ಕುರಿತ ಬಸವಣ್ಣನವರ ವಚನವನ್ನು ವಿವರಿಸುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತೂಕಡಿಸುತ್ತಿದ್ದಳು. ಮೂರು ದಿನಗಳಿಂದ ನೋಟ್ಸನ್ನೂ ಬರೆದಿರಲಿಲ್ಲ. ನಾವು ಅವಳನ್ನು ನಿಲ್ಲಿಸಿ, ಮನೆಯವರನ್ನೂ ಸೇರಿಸಿ, ಅಧ್ಯಾಪಕರು ಆಡಬಾರದ ಮಾತುಗಳನ್ನು ಆಡಿದೆವು. ಸಂಜೆ ಸಹೋದ್ಯೋಗಿಯೊಬ್ಬರಿಂದ ವಿಷಯ ತಿಳಿಯಿತು. ತಾಯಿ ಕಾಯಿಲೆ ಬಿದ್ದಿದ್ದರು. ತಾಯಿಯ ಪಾಲಿನ ಬೀಡಿಯನ್ನು ಮಗಳು ರಾತ್ರಿ ಕುಳಿತು ಕಟ್ಟುತ್ತಿದ್ದಳು.

ಆ ರಾತ್ರಿ ಪ್ರಾರ್ಥನೆಗೆ ಕುಳಿತಾಗ, ಪರರ ತಪ್ಪನ್ನು ನಾವು ಕ್ಷಮಿಸುವಂತೆ ನಮ್ಮ ತಪ್ಪನ್ನೂ ಕ್ಷಮಿಸೆಂದು ಬೇಡುವಲ್ಲಿಗೆ ಬಂದು ಮಾತು ಗಂಟಲಲ್ಲೇ ನಿಂತಿತು. ದಯೆಯ ಪಾಠ ಹೇಳುತ್ತಲೇ ಜೊತೆಯವನ ಕುತ್ತಿಗೆ ಹಿಡಿದ ಸೇವಕ ನಾವೇ ಆಗಿದ್ದೆವು.

ಮರುದಿನ ಅದೇ ತರಗತಿಯಲ್ಲಿ, ಎಲ್ಲರ ಎದುರಿಗೇ, ಅವಳಲ್ಲಿ ಕ್ಷಮೆ ಕೇಳಿದೆವು. ಎಲ್ಲರೆದುರು ಬೈದವರು ಗುಟ್ಟಾಗಿ ಕ್ಷಮೆ ಕೇಳುವುದು ನ್ಯಾಯವಲ್ಲ. ಅವಳು ತಲೆ ಎತ್ತದೆ, "ಪರವಾಗಿಲ್ಲ ಸಾರ್, ನೋಟ್ಸ್ ಬರೆದು ತಂದಿದ್ದೇನೆ" ಎಂದು ಪುಸ್ತಕ ಮುಂದಿಟ್ಟಳು. ಬೀಡಿ ಕಟ್ಟಿ ಮುಗಿಸಿದ ಮೇಲೆ ಕುಳಿತು ಬರೆದದ್ದು! ಅದನ್ನು ತೆಗೆದುಕೊಳ್ಳುವಾಗ, ಅಂಗಡಿಯಿಂದ ತಲೆ ತಗ್ಗಿಸಿ ಬಂದ ತಂದೆಯವರ ನೆನಪಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಕರುಣೆ ತೋರಿಸುವವರು ಮೇಲೆ, ಪಡೆಯುವವರು ಕೆಳಗೆ ಎಂದು ತಿಳಿಯಬೇಡಿ. ನಾವೆಲ್ಲರೂ ಯಾರದೋ ಪುಸ್ತಕದಲ್ಲಿ ಅಡ್ಡಗೆರೆ ಎಳೆಸಿಕೊಂಡವರೇ. ನಿಮಗೆ ಯಾರಾದರೂ 100 ದಿನಾರಿ ಕೊಡಬೇಕಾಗಿ ಬಂದಾಗ ಆ ಗೆರೆಯನ್ನು ಒಮ್ಮೆ ನೆನೆಯಿರಿ.