ಆರಿದ್ರಾ ಮಳೆ ಮತ್ತು ದೊಡ್ಡಪ್ಪನ ರೇಡಿಯೊ

ನಮ್ಮೂರಲ್ಲಿ ಜೂನ್ ಇಪ್ಪತ್ತೈದು ಅಂದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಆರಿದ್ರಾ ಮಳೆ ಅನ್ನಿ, ಎಲ್ಲ ನೆನಪಾಗುತ್ತದೆ. ಮಳೆ ಹೊಳವಾದರೆ ಅಡಿಕೆಗೆ ಔಷಧಿ ಹೊಡೆಸಬೇಕು, ಕೊನೆಗಾರ ಇವತ್ತು ಬರುತ್ತೇನೆಂದವನು ನಾಳೆಯೂ ಬರುವುದಿಲ್ಲ, ಕರೆಂಟು ಹೋದರೆ ಹೋಯಿತು.

1983ರ ಆ ಶನಿವಾರವೂ ಕರೆಂಟು ಇರಲಿಲ್ಲ. ಜಗಲಿಯಲ್ಲಿ ದೊಡ್ಡಪ್ಪನ ಸೆಲ್ಲಿನ ರೇಡಿಯೊ. ದೊಡ್ಡಪ್ಪನಿಗೆ ಅದೊಂದು ಆಸ್ತಿ. ಅಂಚೆ ಕಚೇರಿಯಲ್ಲಿ ವರ್ಷವರ್ಷ ದುಡ್ಡು ಕಟ್ಟುತ್ತಿದ್ದ ಲೈಸೆನ್ಸ್ ಪುಸ್ತಕವನ್ನು ಪಹಣಿ ಪತ್ರಗಳ ಜೊತೆಗೇ ಇಟ್ಟಿದ್ದರು. ಅದರ ಡಯಲಿನ ಗಾಜಿನ ಮೇಲೆ ಒಂದು ಕುಂಕುಮದ ಬೊಟ್ಟು. "ಈ ಮನುಷ್ಯ ದೇವರಿಗೆ ಕೈ ಮುಗಿಯೂದಿಲ್ಲ, ರೇಡಿಯೊಕ್ಕೆ ಪೂಜೆ ಮಾಡ್ತಾನೆ" ಅಂತ ಅತ್ತೆ ನಗಾಡುತ್ತಿದ್ದರು. ಆದರೆ ಅದು ಪೂಜೆಯ ಬೊಟ್ಟಲ್ಲ.

ಅದರ ಕತೆ ಹೇಳಬೇಕಾದರೆ ಎಂಟು ಮಳೆಗಾಲ ಹಿಂದಕ್ಕೆ ಹೋಗಬೇಕು. 1975, ಅದೇ ಆರಿದ್ರಾ. ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಸಂಜೆ ಜಯಪ್ರಕಾಶ ನಾರಾಯಣರ ಸಭೆ. ರಾತ್ರಿ ಕಳೆಯುವುದರೊಳಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರ ರುಜು ಬಿದ್ದು ತುರ್ತು ಪರಿಸ್ಥಿತಿ. ಪತ್ರಿಕೆ ಅಚ್ಚಾಗದಿರಲೆಂದು ದಿಲ್ಲಿಯ ಪ್ರೆಸ್ಸುಗಳ ಕರೆಂಟನ್ನೇ ತೆಗೆದರು. ಬೆಳಗ್ಗೆ ಇಂದಿರಾ ಗಾಂಧಿಯವರೇ ಆಕಾಶವಾಣಿಯಲ್ಲಿ ಮಾತಾಡಿದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿಯವರನ್ನು ಶಾಸಕರ ಭವನದಿಂದಲೇ ಹಿಡಿದು ಸೆಂಟ್ರಲ್ ಜೈಲಿಗೆ ಒಯ್ದರು. ಆ ಸೆಂಟ್ರಲ್ ಜೈಲಿನ ಜಾಗವೇ ಈಗಿನ ಫ್ರೀಡಂ ಪಾರ್ಕ್. ಇದೆಲ್ಲ ನನಗೆ ಆಗ ಗೊತ್ತಾದದ್ದಲ್ಲ, ನಾನಿನ್ನೂ ಚಡ್ಡಿ ಹುಡುಗ. ದೊಡ್ಡಪ್ಪ ಮಧ್ಯಾಹ್ನದ ಊಟದಲ್ಲಿ ಒಂದು ಮಾತೂ ಆಡದೆ ತಂಬುಳಿ ಕಲಸಿಕೊಂಡು ಎದ್ದುಹೋದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಅದೇ ದಿನವೋ ಆ ವಾರದಲ್ಲಿ ಇನ್ನೊಂದು ದಿನವೋ, ಈಗ ಹೇಳಲಾರೆ.

ಆಮೇಲೆ ಅವರು ರಾತ್ರಿ ಹೊತ್ತು ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಹುಡುಕತೊಡಗಿದರು. ಕತ್ತಲಲ್ಲಿ ಮುಳ್ಳು ತಿರುವಿ ತಿರುವಿ ಬೇಸತ್ತು, ಸ್ಟೇಷನ್ನು ಸಿಕ್ಕಿದ ಕಡೆ ಒಂದು ಬೊಟ್ಟು ಇಟ್ಟರು. ತುರ್ತು ಪರಿಸ್ಥಿತಿ ಇಪ್ಪತ್ತೊಂದು ತಿಂಗಳಿಗೆ ಮುಗಿಯಿತು, ಬೊಟ್ಟು ಉಳಿಯಿತು. 1983ರ ಆ ಶನಿವಾರ ಲಾರ್ಡ್ಸಿನಿಂದ ವಿಶ್ವಕಪ್ ಫೈನಲಿನ ಕಾಮೆಂಟರಿ ನಮಗೆ ಸಿಕ್ಕಿದ್ದೂ ಅದೇ ಬೊಟ್ಟಿನ ಮೇಲೆ.

ಸಿಕ್ಕಿತು ಅಂದರೆ ಹೇಗೆ? ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ. ಅಡಿಕೆ ಮರಕ್ಕೆ ಬಿಗಿದ ಏರಿಯಲ್ ತಂತಿ ಗಾಳಿಗೆ ಅಲ್ಲಾಡಿದರೆ ಒಂದು ವಿಕೆಟ್ಟೇ ಮಾಯ. ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೇಳೆಯ ರಾಶಿ ನಡುವೆ ಇತ್ತು. ಹಪ್ಪಳವೂ ಇತ್ತೆಂದು ತಮ್ಮ ವಾದಿಸುತ್ತಾನೆ, ಇದ್ದಿರಬಹುದು. ಭಾರತ 183ಕ್ಕೆ ಆಲೌಟ್. ಶ್ರೀಕಾಂತರ 38ಕ್ಕಿಂತ ಹೆಚ್ಚು ಯಾರದೂ ಇಲ್ಲ.

"ಮುಗೀತು ಮಾರಾಯ" ಅಂದರು ದೊಡ್ಡಪ್ಪ.

ಮೇಲಿನ ಮನೆಯ ಮೇಷ್ಟ್ರು ಬಿಡಲಿಲ್ಲ. ಅವರಿಗೆ ಹಳೆಯದನ್ನು ಎಳೆದು ತರುವ ಚಟ. ಭಾರತದ ಮೊಟ್ಟಮೊದಲ ಟೆಸ್ಟು ಶುರುವಾದದ್ದೂ ಇದೇ ತಾರೀಖಿಗೆ, ಇದೇ ಲಾರ್ಡ್ಸಿನಲ್ಲಿ, 1932ರಲ್ಲಿ, ಸಿ.ಕೆ. ನಾಯ್ಡು ಕ್ಯಾಪ್ಟನ್, ಮೊಹಮ್ಮದ್ ನಿಸಾರ್ ಬಂದವನೇ ಇಬ್ಬರು ಓಪನರುಗಳ ಸ್ಟಂಪು ಹಾರಿಸಿದ, ಇಂಗ್ಲೆಂಡು 19ಕ್ಕೆ ಮೂರು, ಅಂತೆಲ್ಲ ಶುರು ಹಚ್ಚಿಕೊಂಡರು. "ಕೊನೆಗೆ ಗೆದ್ದದ್ದು ಯಾರು?" ಅಂದರು ದೊಡ್ಡಪ್ಪ. ಮೇಷ್ಟ್ರು ಹಲಸಿನ ಬೇಳೆ ಸುಲಿಯತೊಡಗಿದರು. ಗೆದ್ದದ್ದು ಇಂಗ್ಲೆಂಡೇ, 158 ರನ್ನಿನಿಂದ.

ಇತ್ತ ರೇಡಿಯೊದಲ್ಲಿ, ಸಂಧುವಿನ ಚೆಂಡನ್ನು ಗ್ರೀನಿಜ್ ಬ್ಯಾಟೆತ್ತಿ ಬಿಟ್ಟ, ಸ್ಟಂಪು ಹೋಯಿತು. ಆದರೆ ಆಮೇಲೆ ಬಂದ ರಿಚರ್ಡ್ಸ್ ಬಾರಿಸತೊಡಗಿದ ನೋಡಿ, ದೊಡ್ಡಪ್ಪ ಕಂಬಳಿ ಕೊಡವಿಕೊಂಡು ಎದ್ದೇಬಿಟ್ಟರು. "ಸೆಲ್ಲು ಮುಗಿಸ್ಬೇಡಿ" ಅಂತ ಹೇಳಿ ಒಳಗೆ ಹೋಗಿ ಮಲಗಿದರು. ಅವರು ಹೋದ ಮೇಲೇ ಮದನ್ ಲಾಲ್ ಚೆಂಡಿಗೆ ರಿಚರ್ಡ್ಸ್ ಎತ್ತಿ ಹೊಡೆದದ್ದು, ಕಪಿಲ್ ಹಿಂದಕ್ಕೆ ಓಡಿ ಹಿಡಿದದ್ದು. ಲಾಯ್ಡನ ವಿಕೆಟ್ ನಮ್ಮ ಬೆಂಗಳೂರಿನ ರೋಜರ್ ಬಿನ್ನಿಗೆ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಹದಿನೆಂಟು ವಿಕೆಟ್ ಕಿತ್ತವನು ಅವನೇ. ಬ್ಯಾಕಸ್‌ನ ಕ್ಯಾಚು ಕಿರ್ಮಾನಿ ಹಾರಿ ಹಿಡಿದಾಗ ಮೇಷ್ಟ್ರು ಎಲೆಯಡಿಕೆ ತಟ್ಟೆಗೆ ಕೈ ಬಡಿದು ಸುಣ್ಣವೆಲ್ಲ ಚಾಪೆಗೆ. ಡುಜಾನ್, ಮಾರ್ಷಲ್ ನಿಂತಷ್ಟು ಹೊತ್ತು ಯಾರೂ ಉಚ್ಚೆಗೂ ಏಳಲಿಲ್ಲ. ಮೊಹಿಂದರ್ ಇಬ್ಬರನ್ನೂ ಕಳಿಸಿದ. ಕೊನೆಗೆ ಹೋಲ್ಡಿಂಗ್ ಎಲ್‌ಬಿಡಬ್ಲ್ಯು ಅನ್ನುವುದು ಕೇಳಿಸಿತು, ಆಮೇಲೆ ಬರೀ ಗದ್ದಲ. ನಲವತ್ತಮೂರು ರನ್ನಿನ ಗೆಲುವು.

ಎಬ್ಬಿಸಿ ಹೇಳಿದರೆ ದೊಡ್ಡಪ್ಪ ನಂಬಲಿಲ್ಲ. ಬೆಳಗ್ಗೆ ದಿಲ್ಲಿ ಕನ್ನಡ ವಾರ್ತೆಗೆ ಕಿವಿಗೊಟ್ಟು ಕೂತರು, ರೇಡಿಯೊ ಉಸಿರೆತ್ತಲಿಲ್ಲ. ಸೆಲ್ಲು ಬಿಚ್ಚಿ ಒಲೆದಂಡೆಯ ಮೇಲಿಟ್ಟು ಬಿಸಿ ಮಾಡಿ ಹಾಕಿದರೂ ಇಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಮಳೆಯಲ್ಲೇ ಗುಡ್ಡ ಹತ್ತಿ ಮೇಷ್ಟ್ರ ಮನೆಗೆ ಹೋಗಿ ಕೇಳಿಕೊಂಡು ಬಂದರು. ನಾವೆಲ್ಲ ಜಗಲಿಯಲ್ಲಿ ಸಾಲಾಗಿ ಕಾಯುತ್ತಿದ್ದೆವು, ಏನಂತಾರೆ ಅಂತ.

"ಹೊಸ ಸೆಲ್ಲಿಗೆ ದುಡ್ಡು ಯಾರ್ ಕೊಡ್ತೀರಿ?" ಅಂದರು.