ಬೀರುವಿನ ಬೀಗ ಮತ್ತು ಬೇಸಿಗೆ

ಏಪ್ರಿಲ್ ಎರಡನೇ ವಾರ ಬಂತೆಂದರೆ ನಮ್ಮ ಸರ್ಕಾರಿ ಶಾಲೆಗಳ ಪುಸ್ತಕಗಳು ಜೈಲು ಸೇರುತ್ತವೆ. ಮೇ ಮುಗಿಯುವ ತನಕ ಬಿಡುಗಡೆಯಿಲ್ಲ. ಮಕ್ಕಳಿಗೆ ಹೊತ್ತು ಸಿಗುವುದೂ ಆಗಲೇ, ಬೀರುವಿಗೆ ಬೀಗ ಬೀಳುವುದೂ ಆಗಲೇ. ಬಸವೇಶ್ವರನಗರದ ದೊಡ್ಡ ಮನೆಗಳ ಮಕ್ಕಳು ಫೀಸು ಕಟ್ಟಿ ಬೇಸಿಗೆ ಶಿಬಿರಕ್ಕೆ ಹೋಗ್ತವೆ. ಕಾಮಾಕ್ಷಿಪಾಳ್ಯದ ವಠಾರದ ನಮ್ಮ ಮಕ್ಕಳು ಅವ್ವನ ಹಿಂದೆ ಪಾತ್ರೆ ತೊಳೆಯೋ ಮನೆಗೆ, ಅಪ್ಪನ ಹಿಂದೆ ಗಾರೆ ಕೆಲಸಕ್ಕೆ ಹೋಗ್ತವೆ. ಈ ದೇಶದಲ್ಲಿ ರಜೆಗೂ ಜಾತಿ ಇದೆ.

ಬೀಗ ಯಾಕೆ? ಮೇಷ್ಟ್ರುಗಳೆಲ್ಲ ಕೆಟ್ಟವರೆಂದಲ್ಲ. ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅದರಲ್ಲಿ ಪತ್ರಿಕೆ, ಕತೆ ಪುಸ್ತಕ ಇರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಗ್ರಂಥಪಾಲಕ ಇರಬೇಕೆಂದು ಅದು ಹೇಳುವುದಿಲ್ಲ. ಹಾಗಾಗಿ ಯಾರೋ ಒಬ್ಬ ಮೇಷ್ಟ್ರ ಕೊರಳಿಗೆ ಬೀರುವಿನ ಬೀಗದಕೈ ಬೀಳುತ್ತದೆ. ವರ್ಷದ ಕೊನೆಗೆ ಎಣಿಸಿ ಲೆಕ್ಕ ಒಪ್ಪಿಸಬೇಕು. ಒಂದು ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕಾದೀತೆಂಬ ಹೆದರಿಕೆ. ಪುಸ್ತಕ ಕೊಡದಿದ್ದರೆ ಕೇಳುವವರಿಲ್ಲ, ಕಳೆದರೆ ಕೇಳುವವರು ಹತ್ತು ಜನ.

ನಾನು ಓದಿದ ಶಾಲೆಯಲ್ಲಿ ಬೀಗದಕೈ ಕನ್ನಡದ ಮೇಡಂ ಹತ್ತಿರ ಇತ್ತು. 'ಇವರಿಗ್ಯಾಕ್ರೀ ಪುಸ್ತಕ? ಹರಿದು ಕಡ್ಲೆಕಾಯಿ ಕಟ್ತವೆ' ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಮೇಡಂ ಉತ್ತರ ಕೊಡಲಿಲ್ಲ. ಪರೀಕ್ಷೆ ಮುಗಿದ ದಿನ ಎರಡು ಚೀಲ ಪುಸ್ತಕ ತುಂಬಿಕೊಂಡು ಬಸ್ಸು ಹತ್ತಿ ವಿಜಯನಗರದ ತಮ್ಮ ಬಾಡಿಗೆ ಮನೆಗೆ ಒಯ್ದರು. 'ಭಾನುವಾರ ಬನ್ರೋ. ಓದಿ ತಂದ್ಕೊಡಿ, ಇನ್ನೊಂದು ತಗೊಂಡೋಗಿ' ಅಂದರು.

ಬೇಸಿಗೆ ಪೂರ್ತಿ ಮೇಡಂ ಓದುತ್ತಿದ್ದುದು ನಮ್ಮ ಪುಸ್ತಕಗಳನ್ನೇ. ತಾವು ಓದದೆ ಒಂದನ್ನೂ ಕೊಡುತ್ತಿರಲಿಲ್ಲ. ತಿರುಗಿ ಕೊಟ್ಟಾಗ 'ಹೆಂಗಿತ್ತು?' ಎಂದು ಕೇಳೋರು. ರಜೆಗೆ ಅಜ್ಜನ ಊರಿಗೆ ಹೋಗಿ ಮಾವಿನ ತೋಪಿನಲ್ಲಿ ಆಡುವ ಮಕ್ಕಳ ಕತೆಗಳು ಬೇಕಾದಷ್ಟಿದ್ದವು. ಒಂದು ಸಲ ಅಂದೆ: 'ಮೇಡಂ, ನಮ್ಮಜ್ಜ ಗೌಡ್ರ ತೋಪು ಕಾಯ್ತಾನೆ. ನಾವು ಕಾಯಿ ಮುಟ್ಟಂಗಿಲ್ಲ.' ಮೇಡಂ ಸುಮ್ಮನಾದರು. ಆಮೇಲೆ, 'ಅದನ್ನ ನೀನೇ ಬರಿಯೋ' ಅಂದರು.

ಮುಂದಿನ ವಾರ ಕೈಗಿಟ್ಟಿದ್ದು ಸಿದ್ಧಲಿಂಗಯ್ಯನವರ 'ಊರುಕೇರಿ'. ಅದು ಶಾಲೆಯದ್ದಲ್ಲ, ಅವರದ್ದೇ. ಮಾಗಡಿ ಕಡೆಯಿಂದ ಬಂದ ಹುಡುಗ ರಾಜಾಜಿನಗರದ ಮಗ್ಗುಲಿನ ಶ್ರೀರಾಂಪುರದಲ್ಲಿ ಬೆಳೆದು, ಅಲ್ಲಿನ ಸ್ಮಶಾನದಲ್ಲಿ ಕೂತು ಓದಿ, 1975ರಲ್ಲಿ 'ಹೊಲೆಮಾದಿಗರ ಹಾಡು' ಕೊಟ್ಟ. ನಾವು ಓಡಾಡೋ ಬೀದಿ ಪುಸ್ತಕದೊಳಗಿತ್ತು! ನಮ್ಮಂಥವರ ಬದುಕೂ ಅಚ್ಚಾಗುತ್ತದೆಂದು ನನಗೆ ತಿಳಿದದ್ದು ಆ ಮೇ ತಿಂಗಳಲ್ಲಿ.

ಬೇಸಿಗೆ ಮುಗಿದಾಗ ಮೂರು ಪುಸ್ತಕ ವಾಪಸು ಬರಲಿಲ್ಲ. ಒಂದು ಸಂಸಾರ ಗುಡಿಸಲು ಕಿತ್ತು ಬೇರೆ ಕಡೆ ಕೆಲಸಕ್ಕೆ ಹೋಗಿತ್ತು. ಮೇಡಂ ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿ ಹುಡುಕಿ, ಸ್ವಂತ ದುಡ್ಡು ಕೊಟ್ಟು ತಂದು ಲೆಕ್ಕ ಸರಿಮಾಡಿದರು.

ಬಾಬಾಸಾಹೇಬರಿಗೂ ಇಂಥ ಒಬ್ಬರು ಸಿಕ್ಕಿದ್ದರು. ಮುಂಬಯಿಯ ಚರ್ನಿ ರೋಡ್ ಉದ್ಯಾನದಲ್ಲಿ ಓದುತ್ತಿದ್ದ ಹುಡುಗ ಭೀಮರಾವ್‌ನನ್ನು ಕಂಡು ಮಾತಾಡಿಸಿ ಪುಸ್ತಕ ಕೊಟ್ಟವರು ಕೇಳೂಸ್ಕರ್ ಎಂಬ ಮೇಷ್ಟ್ರು. ತಾವೇ ಬರೆದ ಬುದ್ಧಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. 1956ರ ದೀಕ್ಷೆಯ ಬೀಜ ಆ ಪುಸ್ತಕದಲ್ಲಿತ್ತು. ಭೀಮರಾವ್ ಅವರ ಶಾಲೆಯ ಹುಡುಗನೂ ಅಲ್ಲ, ಅವರ ಜಾತಿಯವನೂ ಅಲ್ಲ.

ಪುಸ್ತಕ ಇರುವುದು ಬಳಕೆಗೆ ಎಂಬುದು 1931ರಲ್ಲಿ ಎಸ್.ಆರ್. ರಂಗನಾಥನ್ ಬರೆದ ಮೊದಲ ಸೂತ್ರ. ಹಿಂದೆ ಯುರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಹಾಕುತ್ತಿದ್ದುದನ್ನು ಅವರು ಅಲ್ಲೇ ಹೇಳುತ್ತಾರೆ. 1962ರಲ್ಲಿ ಅವರು ಬೆಂಗಳೂರಲ್ಲಿ ಕಟ್ಟಿದ ಸಂಸ್ಥೆ ಈಗ ಕೆಂಗೇರಿಗೆ ಹೋಗೋ ಮೈಸೂರು ರಸ್ತೆಯಲ್ಲೇ ಇದೆ. ಅದೇ ರಸ್ತೆಯ ಆಜುಬಾಜಿನ ಶಾಲೆಗಳಲ್ಲಿ ಸರಪಳಿಯ ಬದಲು ಬೀಗ ಬಂದಿದೆ, ಅಷ್ಟೇ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಈ ನಗರದಲ್ಲಿ ವಸೂಲಾಗುತ್ತದೆ. ನಮ್ಮ ವಠಾರದ ಬಾಡಿಗೆಯಲ್ಲೂ ಅದರ ಪಾಲಿದೆ.

ಒಬ್ಬ ಮೇಡಂ ಸಂಬಳ ಮುರಿದುಕೊಂಡು ಮಾಡೋ ಕೆಲಸ ಸರ್ಕಾರ ಮಾಡಬೇಕಾದ್ದು. ಓದಿ ಹರಿದ, ಕಳೆದ ಪುಸ್ತಕವನ್ನು ಮೇಷ್ಟ್ರ ತಲೆಗೆ ಕಟ್ಟದೆ ಲೆಕ್ಕದಿಂದ ತೆಗೆಯುವ ಆದೇಶ ಬೇಕು. ಪ್ರತಿ ಶಾಲೆಗೂ ಗ್ರಂಥಪಾಲಕ ಬೇಕು. ಇವನ್ನು ನಾವು ಕೂಗಿ ಕೇಳೋಣ. ಆದರೆ ಹಳ್ಳಿಯ ಮೇಷ್ಟ್ರೇ, ಮೇಡಮ್ಮೋರೇ, ಆದೇಶ ಬರುವತನಕ ಬೀಗದಕೈ ನಿಮ್ಮ ಜೇಬಿನಲ್ಲೇ ಇದೆ. ಈ ಬೇಸಿಗೆ ಕೇರಿಯ ಮಕ್ಕಳಿಗೆ ಬೀರು ತೆಗೆಯಿರಿ.